ಕುಣಾಲನ ಬಿಳಿ ಮೊಟ್ಟೆ

ಮೊಟ್ಟೆಗೆ ಬರಿಗೈ ತಾಗಬಾರದೆಂದು ನೀಲಮ ಎರಡೂ ಕೈಗೆ ಕೆಂಪು ಉಣ್ಣೆಯ ಕಾಲುಚೀಲ ಹಾಕಿಕೊಂಡು, ಉಸಿರು ಬಿಗಿಹಿಡಿದು, ಥರ್ಮಾಕೋಲ್ ಡಬ್ಬಿಯೊಳಗಿನ ಬಟ್ಟಲಿಗೆ ನೀರು ಹನಿಸುತ್ತಿದ್ದಳು. ಡಬ್ಬಿಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಅದರ ಕೆಳಗೆ ಹತ್ತಿಯ ಹಾಸಿಗೆಯ ಮೇಲೆ ಏಳು ಮೊಟ್ಟೆಗಳು ಮಲಗಿದ್ದವು. ನೀರನ್ನು ಅವಳು ಮನೆಯ ಪದ್ಧತಿಯಂತೆ ಬಿಳಿ ಬಟ್ಟೆಯಲ್ಲಿ ಸೋಸಿಯೇ ತಂದಿದ್ದಳು. ಮೊಟ್ಟೆಗಳಿಗೆ ಸೋಸಿದ ನೀರಿಡುವ ಹುಡುಗಿ ಈ ಭೂಮಿಯ ಮೇಲೆ ತಾನೊಬ್ಬಳೇ ಇರಬೇಕು ಎಂದು ಅವಳಿಗೇ ನಗು ಬಂತು. ಆದರೆ ನಗುವಂತಿರಲಿಲ್ಲ. ಗೋಡೆಯ ಆಚೆ ತ್ರಿಶಲಾ ಕಾಕೂ ಜಪಕ್ಕೆ ಕುಳಿತಿದ್ದರು.

ಅಂಕಲಿಯ ಆ ದೊಡ್ಡ ಮನೆ ತ್ರಿಶಲಾ ಕಾಕೂ ಅವರದು. ಮುಂದಿನ ಪಡಸಾಲೆಯನ್ನು ಅವರು ಚಿಕ್ಕಮಕ್ಕಳ ಶಾಲೆಗೆಂದು ಬಿಟ್ಟುಕೊಟ್ಟಿದ್ದರು. ಒಳಗಿನ ಅಡುಗೆಮನೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಯಾವುದೂ ಹೊಸಿಲು ದಾಟಿ ಬಂದದ್ದಿಲ್ಲ. ಅಂಥ ಮನೆಯಲ್ಲಿ ಈಗ ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು ಮೊಟ್ಟೆಗಳು ಕುಳಿತಿದ್ದವು. ಶಾಲೆಯ ಉಜ್ವಲಾ ಮೇಡಮ್ಮು ಕಾಕೂಗೆ ಹೇಳಿದ್ದು ಇಷ್ಟೇ: "ವಸಂತ ಋತುವಿನ ಪ್ರಯೋಗರಿ ಕಾಕೂ. ಮಕ್ಕಳು ಕಣ್ಣಾರೆ ನೋಡಿ ಕಲೀತಾವ." ಕಾಕೂ ಅದನ್ನು ಹೆಸರುಕಾಳು ಮೊಳಕೆ ಒಡೆಸುವ ಕೆಲಸ ಎಂದುಕೊಂಡು ಸುಮ್ಮನಾಗಿದ್ದರು. ಅದೇ ಶಾಲೆಗೆ ಬರುವ ಮೊಮ್ಮಗ ಕುಣಾಲ, "ಅಜ್ಜೀ, ನನ್ನ ಹೆಸರಿಂದೊಂದ ತತ್ತಿ ಐತಿ" ಎಂದಾಗಲೂ, ಪುಸ್ತಕದ ಚಿತ್ರ ನೋಡಿ ಏನೋ ಹೇಳಾಕತ್ತಾನ ಎಂದು ನಕ್ಕಿದ್ದರು.

ಕುಣಾಲ ಸುಳ್ಳು ಹೇಳಿರಲಿಲ್ಲ. ಏಳು ಮಕ್ಕಳು, ಏಳು ಮೊಟ್ಟೆ. ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಿಂದ ಒಂದೊಂದು ಮಗುವಿನ ಹೆಸರು ಬರೆಸಲಾಗಿತ್ತು. ಮರಿ ಹೊರಬರುವ ದಿನ ಇವತ್ತೇ. ಸಂಜೆಮುಂದೆ ಮಕ್ಕಳೂ ತಂದೆತಾಯಿಗಳೂ ನೋಡಲು ಬರುವವರಿದ್ದರು. ಉಜ್ವಲಾ ಮೇಡಮ್ಮಿಗೆ ಇವತ್ತೇ ಚಿಕ್ಕೋಡಿಯಲ್ಲಿ ಮೀಟಿಂಗು. ಬೆಳಗಿನ ಬಸ್ಸು ಹತ್ತುವ ಮೊದಲು ಅವರು ನೀಲಮಳ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು:

"ನೀ ಏನ್ ಮುಟ್ಟಬ್ಯಾಡ. ನೀರಷ್ಟ ನೋಡ್ಕೋ. ಒಂದ ಮಾತ ನೆನಪಿಡು, ಬೆಚ್ಚಗಿದ್ರ ಜೀವ ಐತಿ, ತಣ್ಣಗಾದ್ರ ಮುಗೀತು. ಇವತ್ತೊಂದ ದಿನ ಸುಸೂತ್ರ ಆತಂದ್ರ, ಸೋಮವಾರದಿಂದ ಕಸಬರಿಗಿ ಬಿಟ್ಟ ಮಕ್ಕಳ ಮುಂದ ಕುಂದರು. ನೀಲಮ ಟೀಚರ್ ಆಗು. ಆಕ್ಕೇತಲ್ಲ?"

"ಹೂಂ" ಎಂದಿದ್ದಳು ನೀಲಮ.

ಅವಳು ಎಲ್ಲದಕ್ಕೂ ಹೂಂ ಎನ್ನುವವಳೇ. ದೇವರು ಅವಳ ಬಾಯಿಗೆ ಬೀಗ ಹಾಕಿ, ಕೀಲಿಕೈಯನ್ನು ಕೃಷ್ಣಾ ನದಿಗೆ ಎಸೆದಿದ್ದ. ಎಂಟನೇ ಇಯತ್ತೆಗೆ ಸಾಲೆ ಬಿಟ್ಟಿದ್ದೂ ಅದರಿಂದಲೇ. ಹಾಜರಿ ಕೂಗಿದಾಗ ಅವಳ "ಎಸ್ ಸರ್" ಮೊದಲನೆಯ ಬೆಂಚನ್ನೂ ದಾಟುತ್ತಿರಲಿಲ್ಲ. ಇಡೀ ವರ್ಷ ಸಾಲೆಯಲ್ಲೇ ಕುಳಿತಿದ್ದ ಹುಡುಗಿಗೆ, ಕೊನೆಗೆ ಹಾಜರಾತಿ ಸಾಲದು ಎಂದು ಹೇಳಿ ಮನೆಗೆ ಕಳಿಸಿದರು. ಆಗಲೂ ಅವಳು ಹೂಂ ಎಂದೇ ಬಂದಿದ್ದಳು. ಅಲ್ಲಿಂದ ಅಥಣಿಯಲ್ಲಿ ಸೋದರಮಾವನ ಮಣೂಕದ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಕಡ್ಡಿ ಆರಿಸುವ ಕೆಲಸ. ಅಲ್ಲಿ ಮಾತಾಡುವ ಅಗತ್ಯವಿರಲಿಲ್ಲ, ಆದರೆ ಮಾತಾಡಬೇಕೆನಿಸುವ ಒಂದು ಜೀವವೂ ಇರಲಿಲ್ಲ. ಈಗ ತಾನು ಕಸ ಗುಡಿಸುವ ಈ ಶಾಲೆಯ ಮಕ್ಕಳೊಂದಿಗೆ ಮಾತ್ರ ಅವಳ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಟೀಚರ್ ಎನ್ನಿಸಿಕೊಳ್ಳುವುದು, ಇಲ್ಲವೇ ಮತ್ತೆ ಮಣೂಕದ ಕಡ್ಡಿ: ಇವತ್ತು ತೀರ್ಮಾನವಾಗುವುದಿತ್ತು.

ಹೀಗೆ ಯೋಚಿಸುತ್ತಲೇ ಅವಳು ಕೈ ಹೊರಗೆಳೆದಳು. ಕಾಲುಚೀಲದ ಹೆಬ್ಬೆರಳಿನ ಜಾಗ ಖಾಲಿಯಿದ್ದು ಜೋತಾಡುತ್ತಿತ್ತಲ್ಲ, ಅದು ಒಂದು ಮೊಟ್ಟೆಗೆ ಸಿಕ್ಕಿತು. ಮೊಟ್ಟೆ ಡಬ್ಬಿಯ ಅಂಚಿಗೆ ಉರುಳಿ, ಒಂದು ಕ್ಷಣ ಯೋಚನೆ ಮಾಡಿ, ಕೆಳಗೆ ಬಿತ್ತು.

ಟಪ್.

ಒಳಗೆ ಮರಿಯ ಸುಳಿವೇ ಇರಲಿಲ್ಲ. ಕಲಸಿಹೋದ ಹಳದಿ ನೀರು, ಅಷ್ಟೇ. ಅದು ಮೊದಲಿನಿಂದಲೂ ಜೊಳ್ಳಾಗಿತ್ತು. ಆದರೆ ಆ ನೀರಿನಿಂದ ಎದ್ದ ವಾಸನೆ ಇತ್ತಲ್ಲ, ನಿಪ್ಪಾಣಿಯ ತಂಬಾಕಿನ ಗೋದಾಮನ್ನು ಮೂಗಿಗೆ ಕಟ್ಟಿದರೂ ಅದರ ಮುಂದೆ ಸುಗಂಧವೇ. ನೀಲಮ ಕಣ್ಣಲ್ಲಿ ನೀರು ತುಂಬಿಕೊಂಡು ಬಗ್ಗಿ ನೋಡಿದಳು. ಚಿಪ್ಪಿನ ಮೇಲೆ ದುಂಡಗೆ ಬರೆದಿತ್ತು: ಕುಣಾಲ.

ಏಳು ಮಕ್ಕಳಲ್ಲಿ ಒಡೆಯುವುದಕ್ಕೆ ಸಿಕ್ಕಿದ್ದು ಮನೆ ಮಾಲೀಕರ ಮೊಮ್ಮಗನ ಮೊಟ್ಟೆ! ನೀಲಮಳಿಗೆ ತನ್ನ ದೈವದ ಬಗ್ಗೆ ಆಶ್ಚರ್ಯವೇನೂ ಆಗಲಿಲ್ಲ. ಲಡ್ಡು ಹಂಚಿದರೆ ಅವಳ ತನಕ ಬರುವಷ್ಟರಲ್ಲಿ ಬುಟ್ಟಿ ಖಾಲಿಯಾಗುವುದು ಮೊದಲಿನಿಂದಲೂ ರೂಢಿಯೇ ಇತ್ತು.

"ಏನ ಅದು ನಾತ?" ಗೋಡೆಯ ಆಚೆಯಿಂದ ಕಾಕೂ ದನಿ ಬಂತು. "ಗಟಾರ ಕಟ್ಟೇತೇನ ಬೇ ನೀಲಮ?"

"ಹೂಂ."

ಚಿಪ್ಪನ್ನು ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಹುಗಿದು, ನೆಲಕ್ಕೆ ಫಿನಾಯಿಲ್ ಸುರಿದು, ಊದಿನಕಡ್ಡಿ ಹಚ್ಚಿ, ಅವಳು ಇನ್ನೊಂದು ಮೊಟ್ಟೆ ಹುಡುಕಿಕೊಂಡು ಬೀದಿಗಿಳಿದಳು. ಮೊಟ್ಟೆ ಕೊಟ್ಟಿದ್ದವಳು ಊರ ಅಂಚಿನ ಕೋಳಿ ಸಾಕುವ ಸುಂದರಾ. ಅವಳ ಬಾಗಿಲಿಗೆ ಕೀಲಿ. ರಾಯಬಾಗದ ಸಂತೆಗೆ ಹೋಗ್ಯಾಳ ಎಂದು ಪಕ್ಕದ ಮನೆಯವರು ಹೇಳಿದರು. ಕಿರಾಣಿ ಅಂಗಡಿ ನೀಲಮಳ ದೊಡ್ಡಪ್ಪನದು, ಅಲ್ಲಿ ಮೊಟ್ಟೆ ಎಂಬ ಶಬ್ದವನ್ನೇ ಮಾರುವುದಿಲ್ಲ. ಉಳಿದದ್ದು ಬಸ್ ಸ್ಟ್ಯಾಂಡಿನ ಲಕ್ಷ್ಮಣನ ಗಾಡಿ ಒಂದೇ.

ನೀಲಮ ಓಢಣಿಯಿಂದ ಕಣ್ಣು ಬಿಟ್ಟು ಉಳಿದ ಮುಖವನ್ನೆಲ್ಲ ಸುತ್ತಿ ಕಟ್ಟಿಕೊಂಡಳು. ಜೈನರ ದಾದಾಸಾಹೇಬನ ಮಗಳು ಮೊಟ್ಟೆಯ ಗಾಡಿಯ ಮುಂದೆ ನಿಂತಳೆಂದು ಊರಿಗೆ ಗೊತ್ತಾದರೆ ಅವಳ ತಾಯಿ ಮಂಗಲ ಆ ಹೊತ್ತೇ ಮಣೂಕದ ಶೆಡ್ಡಿಗೆ ಫೋನು ಹಚ್ಚುತ್ತಿದ್ದಳು. ಯಾರೂ ತನ್ನನ್ನು ಗುರುತಿಸಲಾರರು ಎಂಬ ಧೈರ್ಯದಿಂದ ನೀಲಮ ನಡೆದಳು. ಎದುರಿಗೆ ಬಂದವರೆಲ್ಲ ಯಾಕೆ ತನ್ನ ಕೈಯನ್ನೇ ನೋಡುತ್ತಿದ್ದಾರೆಂದು ತಿಳಿಯಲಿಲ್ಲ. ಗಾಡಿಯ ಮುಂದೆ ನಿಂತು ಬೆರಳು ತೋರಿಸಲು ಹೋದಾಗ ತಿಳಿಯಿತು. ಚೈತ್ರದ ಬಿಸಿಲಿನಲ್ಲಿ ಅವಳು ಎರಡೂ ಕೈಗೆ ಕೆಂಪು ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಊರು ದಾಟಿ ಬಂದಿದ್ದಳು.

"ಏನ್ ಬೇಕ ತಂಗೆವ್ವಾ? ಆಮ್ಲೇಟ? ಬುರ್ಜಿ?" ಲಕ್ಷ್ಮಣ ಕೇಳಿದ.

ನೀಲಮ ಒಂದು ಕಾಲುಚೀಲ ಕಿತ್ತು ಬೆರಳು ತೋರಿಸಿದಳು. ಒಂದು. ಮೊಟ್ಟೆ.

"ಯಾವ್ದ ಬೇಕ ಆರಿಸ್ಕೋ."

ಟ್ರೇಯಲ್ಲಿದ್ದ ಒಂದನ್ನು ಅವಳು ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಮುಟ್ಟಿದಳು. ತಣ್ಣಗಿತ್ತು. ಮುಗೀತು, ಪಾಪ. ಇನ್ನೊಂದು ಮುಟ್ಟಿದಳು. ಅದೂ ಹೋಗಿತ್ತು. ಇಷ್ಟು ಸತ್ತವರ ನಡುವೆ ನಿಂತು ಈ ಮನುಷ್ಯ ಹೆಂಗ ಸಿನೆಮಾ ಹಾಡು ಗುನುಗಾಕತ್ತಾನ ಎಂದು ಅವಳಿಗೆ ಸಂಕಟವಾಯಿತು. ಅಷ್ಟರಲ್ಲಿ ಪಕ್ಕದ ಪಾತೇಲಿ ಕಣ್ಣಿಗೆ ಬಿತ್ತು. ಅದರಲ್ಲಿದ್ದ ಮೊಟ್ಟೆಗಳ ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು. ಮುಟ್ಟಿದಳು. ಬೆಚ್ಚಗಿತ್ತು! ಎಷ್ಟು ಬೆಚ್ಚಗೆಂದರೆ, ಈ ಮರಿ ಬಹಳ ಗಟ್ಟಿ ಜೀವ ಇರಬೇಕು ಎನ್ನಿಸುವಷ್ಟು.

ಅವಳು ಅದನ್ನೇ ತೋರಿಸಿದಳು.

"ಸುಲದ ಕೊಡ್ಲ್ಯಾ?" ಲಕ್ಷ್ಮಣ ಕೇಳಿದ.

ನೀಲಮಳ ಜೀವ ಬಾಯಿಗೆ ಬಂತು. ಗಾಬರಿಯಲ್ಲಿ ಬಾಯಿಯ ಬೀಗ ತಾನೇ ಕಿತ್ತುಹೋಯಿತು. "ಬ್ಯಾಡ್ರಿ! ಅದ ತಾನ ಒಡಕೊಂಡ ಹೊರಗ ಬರ್ತೈತಿ!"

ಲಕ್ಷ್ಮಣ ಅವಳನ್ನು ನೋಡಿದ, ಮೊಟ್ಟೆಯನ್ನು ನೋಡಿದ, ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ. "ಬರ್ಲಿ, ಬರ್ಲಿ" ಎಂದು ಸಮಾಧಾನ ಹೇಳುವ ದನಿಯಲ್ಲಿ ನುಡಿದು, ಪೇಪರಿನಲ್ಲಿ ಸುತ್ತಿ, ಜೊತೆಗೆ ಒಂದು ಸಣ್ಣ ಪುಡಿಕೆ ಇಟ್ಟ. ನೀಲಮ ಬಿಚ್ಚಿ ನೋಡಿದಳು. ಉಪ್ಪು ಮತ್ತು ಖಾರದ ಪುಡಿ. ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ! ಮರಿಗೆ ಯಾರ ಕಣ್ಣೂ ತಾಗಬಾರದೆಂದು ಕೊಟ್ಟಿದ್ದಾನೆ. ಎಂಥ ದೊಡ್ಡ ಮನಸ್ಸಿನವನು! ಪುಡಿಕೆಯನ್ನು ಅವಳು ಭಕ್ತಿಯಿಂದ ಓಢಣಿಯ ತುದಿಗೆ ಗಂಟು ಹಾಕಿಕೊಂಡಳು.

ತಿರುಗಿದರೆ, ಕಟ್ಟೆಯ ಮೇಲೆ ರಾವಸಾಹೇಬ. ತ್ರಿಶಲಾ ಕಾಕೂ ಮನೆಯ ಎದುರುಮನೆಯವರು. ಕಾರ್ಖಾನೆಯಲ್ಲಿ ಕಬ್ಬು ತೂಗಿ ತೂಗಿ ನಿವೃತ್ತರಾದ ಮೇಲೆ ಹೋಗಿಬರುವ ಜನರನ್ನು ಕಣ್ಣಲ್ಲೇ ತೂಗುತ್ತ ಕುಳಿತಿರುತ್ತಾರೆ.

"ಯಾರವಾ? ದಾದಾಸಾಹೇಬನ ಮಗಳಲ್ಲೇನ ನೀ?"

"ಹೂಂ" ಎಂದಳು ನೀಲಮ.

ಅಂದ ಮೇಲೆ ನೆನಪಾಯಿತು, ತಾನು ಮುಖ ಕಟ್ಟಿಕೊಂಡು ಬಂದಿದ್ದೇನೆಂದು.

ಅವಳು ಓಡಿದಳು. ಆದರೆ ಅವಳ ಕಾಲಿಗಿಂತ ರಾವಸಾಹೇಬರ ಮೊಬೈಲು ಚುರುಕು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಅವರ ಹೆಂಡತಿ ಅಕ್ಕವ್ವ ಮೊರ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೊರದಲ್ಲಿ ಒಂದು ಕಾಳೂ ಇರಲಿಲ್ಲ.

"ಬಾ ಇಲ್ಲೆ. ಅಶಕ್ತತನ ಆಗೇತೇನ ಬೇ ನಿನಗ?"

"ಹೂಂ."

"ತತ್ತಿ ತಿನ್ನಂತ ಡಾಕ್ಟರ್ ಹೇಳ್ಯಾರೇನ?"

"ಹೂಂ" ಎಂದ ಮೇಲೆ ನೀಲಮ ತಲೆ ಅಲ್ಲಾಡಿಸಿದಳು. ಆದರೆ ಅಕ್ಕವ್ವನಿಗೆ ಕಿವಿ ಕೆಲಸ ಮಾಡುವಾಗ ಕಣ್ಣು ಕೆಲಸ ಮಾಡುವುದಿಲ್ಲ.

"ಅಯ್ಯ ಶಿವನ! ನಿಮ್ಮವ್ವಗ ಗೊತ್ತೈತಿ? ಇಲ್ಲಾಂದ್ರ ತ್ರಿಶಲಾ ಕಾಕೂ ಮನ್ಯಾಗ ಕದ್ದ ತಿಂತಿಯೇನ? ನಾ ಯಾರಿಗೂ ಹೇಳೂದಿಲ್ಲ ಬಿಡು. ನನ್ನ ಹೊಟ್ಯಾಗಿನ ಮಾತ ಹೊಟ್ಯಾಗ." ಹಾಗೆ ಹೇಳುತ್ತಲೇ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ಪಡಸಾಲೆಗೆ ಬಂದು ನೀಲಮ ಪೆನ್ಸಿಲ್ ಹುಡುಕಿ, ಬೆಚ್ಚಗಿನ ಮೊಟ್ಟೆಯ ಮೇಲೆ ದುಂಡಗೆ "ಕುಣಾಲ" ಎಂದು ಬರೆದಳು. ಡಬ್ಬಿಯಲ್ಲಿಟ್ಟ ಮೇಲೆ ಒಂದು ತೊಂದರೆ ಕಂಡಿತು. ಉಳಿದವು ನಾಟಿ ಕೋಳಿಯವು, ಬೆಲ್ಲದ ಬಣ್ಣ. ಇದೊಂದು ಸಕ್ಕರೆಯಂತೆ ಬೆಳ್ಳಗಿತ್ತು. ಚಹಾದ ನೀರು ಸವರಲೇ ಎಂದುಕೊಳ್ಳುವಷ್ಟರಲ್ಲಿ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಆರಿಹೋಯಿತು. ಕರೆಂಟು ಹೋಗಿತ್ತು. ಅದೇ ಹೊತ್ತಿಗೆ ನಡುಬಾಗಿಲು ತೆರೆಯಿತು.

ಮೊಣಕಾಲು ನೋವಿಗೆ ಎಂದೂ ಪಡಸಾಲೆಗೆ ಬಾರದ ತ್ರಿಶಲಾ ಕಾಕೂ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದರು. ಅವರ ಹಿಂದೆ ಅಕ್ಕವ್ವನ ಮೂಗು. ಆಮೇಲೆ ಅಕ್ಕವ್ವ.

"ನೀಲಮ, ಅಕ್ಕವ್ವ ಹೇಳೂದ ಖರೇ ಏನ? ನನ್ನ ಮನ್ಯಾಗ ತತ್ತಿ ಅದಾವೇನ?"

"ಹೂಂ."

ಕಾಕೂ ಕಸೂತಿಯ ಬಟ್ಟೆ ಎತ್ತಿದರು. ಬಗ್ಗಿ ನೋಡಿದರು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಅವರ ಮುಖ ಕಟ್ಟೆ ಒಡೆಯುವ ಮೊದಲಿನ ಕೆರೆಯ ಹಾಗಾಯಿತು.

"ಕು-ಣಾ-ಲ! ನನ್ನ ಮೊಮ್ಮಗನ ಹೆಸರ ತತ್ತಿ ಮ್ಯಾಲ! ಕರೀರಿ ಆ ಮೇಡಮ್‌ನ. ಇವತ್ತ ಸಾಲಿ ಖಾಲಿ ಮಾಡ್ರಿ. ನೀನೂ ನಡೀ ನಿನ್ನ ಅಥಣಿಗೆ!"

ನೀಲಮಳ ಕಣ್ಣ ಮುಂದೆ ಮಣೂಕದ ಗುಡ್ಡ ಎದ್ದು ನಿಂತಿತು. ಅಷ್ಟರಲ್ಲಿ ಡಬ್ಬಿಯೊಳಗಿಂದ ಒಂದು ಸಣ್ಣ ದನಿ ಬಂತು.

"ಚಿಂವ್."

ಕಾಕೂ ಕೈ ಗಾಳಿಯಲ್ಲೇ ನಿಂತಿತು. ಒಂದು ಮೊಟ್ಟೆಯ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಳಗಿನಿಂದ ಯಾರೋ ಬಾಗಿಲು ಬಡಿದಂತೆ, ಟಿಕ್, ಟಿಕ್.

"ಇದರಾಗ... ಜೀವ ಐತಿ?"

"ಹೂಂ."

"ಕರೆಂಟ್ ಹೋಗೇತಲ್ಲ. ತಣ್ಣಗಾದ್ರ ಸಾಯ್ತಾವೇನ?"

"ಹೂಂ" ಎಂದಳು ನೀಲಮ. ಇಡೀ ದಿನದಲ್ಲಿ ಅವಳು ಹೇಳಿದ ಸರಿಯಾದ ಹೂಂಗಳ ಲೆಕ್ಕಕ್ಕೆ ಇದೂ ಸೇರಿತು.

ಕುಳಿತುಕೊಳ್ಳುವ ಮೊದಲು ಸೆರಗಿನಿಂದ ನೆಲ ಸವರಿ, ಇರುವೆಗಳಿಗೆ ದಾರಿ ಬಿಟ್ಟು ಕುಳಿತುಕೊಳ್ಳುವ ಹೆಣ್ಣುಮಗಳು ಅವರು. ಮನೆಯಿಂದ ಮೊಟ್ಟೆ ಹೊರಗೆ ಎಸೆಯುವುದು ಹೇಗೆ? ಎಸೆದರೆ ಜೀವಹಿಂಸೆ, ಇಟ್ಟುಕೊಂಡರೆ ಮೊಟ್ಟೆ. ಕಾಕೂ ಒಂದು ನಿಮಿಷ ಕಣ್ಣು ಮುಚ್ಚಿದರು. ತೆರೆದಾಗ ದನಿಯೇ ಬದಲಾಗಿತ್ತು.

"ಏನ್ ನೋಡಾಕತ್ತಿ? ಒಳಗ ಶಿಖರಜಿ ಯಾತ್ರೆಯಿಂದ ತಂದ ದಪ್ಪ ಚಾದರ ಐತಿ, ತಗೊಂಡ ಬಾ. ಬಿಸಿನೀರಿನ ಬಾಟಲಿ ಮಾಡು. ಸೋಸಿ ಮಾಡು!"

ಗೋಡೆಗೆ ಒರಗಿ, ಕಾಲು ಚಾಚಿ, ಏಳೂ ಮೊಟ್ಟೆಗಳನ್ನು ಚಾದರದೊಳಗೆ ಮಡಿಲಿಗೆ ಹಾಕಿಕೊಂಡು ಕಾಕೂ ಕಾವಿಗೆ ಕುಳಿತೇಬಿಟ್ಟರು. ಬಾಯಲ್ಲಿ ಣಮೋಕಾರ ಮಂತ್ರ. ನೀಲಮ ಬಾಟಲಿ ಬದಲಿಸುತ್ತ ಅಡುಗೆಮನೆಗೂ ಪಡಸಾಲೆಗೂ ಓಡಾಡಿದಳು. ಹಗರಣ ನೋಡಲೆಂದು ಬಂದ ಅಕ್ಕವ್ವನ ಕೈಗೆ ಬೀಸಣಿಗೆ ಬಂತು. ಮರಿಗಳಿಗೆ ಗಾಳಿ ತಾಗಬಾರದು, ಕಾಕೂಗೆ ಸೆಕೆಯಾಗಬಾರದು, ಹಾಗೆ ಬೀಸು ಎಂದು ಕಾಕೂ ಅಪ್ಪಣೆ. ಮಧ್ಯಾಹ್ನದ ಊಟದ ಹೊತ್ತು ಹೋಯಿತು. "ಮರಿಗೊಳ ಬರೂತನಕ ನಾ ಎದ್ದರ ಹೆಂಗ?" ಎಂದು ಕಾಕೂ ತಟ್ಟೆಯನ್ನು ಹಿಂದಕ್ಕೆ ಕಳಿಸಿದರು. ಅವರಿಗೆ ಸಕ್ಕರೆ ಬ್ಯಾನಿ ಬೇರೆ.

ಚಿಕ್ಕೋಡಿಯಿಂದ ಬಂದ ಉಜ್ವಲಾ ಮೇಡಮ್ಮು ಓಣಿಯಲ್ಲೇ ಯಾರಿಂದಲೋ ಸುದ್ದಿ ಕೇಳಿ, ಶಾಲೆ ಮುಚ್ಚಿತೆಂದು ಅಳುತ್ತಲೇ ಬಾಗಿಲಿಗೆ ಬಂದವರು, ಒಳಗಿನ ದೃಶ್ಯ ನೋಡಿ ಅಳುವನ್ನು ಅರ್ಧಕ್ಕೇ ನುಂಗಿದರು.

"ಚಪ್ಪಲಿ ಹೊರಗ ಬಿಡ್ರಿ" ಎಂದರು ಕಾಕೂ. "ಬಾಳಂತಿ ಖೋಲಿ ಇದು."

ಮಕ್ಕಳು ಬಂದರು, ತಂದೆತಾಯಿಗಳು ಬಂದರು. ಕಾಕೂ ಮಡಿಲಿನಿಂದ ಒಂದೊಂದೇ ಮರಿ ಒದ್ದೆ ತಲೆ ಎತ್ತಿ ಹೊರಬಂತು. ಚಿಪ್ಪಿನ ಹೆಸರು ಓದಿ ಕಾಕೂ ಕೂಗುವರು, ಆ ಮಗು ಚಪ್ಪಾಳೆ ಹೊಡೆದು ಕುಣಿಯುವುದು. ರೋಹನನ ಮರಿ, ಪ್ರಾಜಕ್ತಾಳ ಮರಿ, ಸುರಜನ ಮರಿ... ಹೊತ್ತು ಇಳಿಯುವಷ್ಟರಲ್ಲಿ ಆರು ಮರಿಗಳು ಹತ್ತಿಯ ಮೇಲೆ ಚಿಂವ್‌ಗುಡುತ್ತಿದ್ದವು. ಕರೆಂಟೂ ಬಂತು. ಉಜ್ವಲಾ ಮೇಡಮ್ಮು ಎಲ್ಲರ ಮುಂದೆ, "ಸೋಮವಾರದಿಂದ ಇಕಿ ನಿಮ್ಮ ನೀಲಮ ಟೀಚರ್!" ಎಂದು ಸಾರಿದರು. ಮಕ್ಕಳು "ನೀಲಮ ಟೀಚರ್!" ಎಂದು ಕೂಗಿದವು. ನೀಲಮಳ ಕಾಲು ನೆಲಕ್ಕೆ ತಾಗಲಿಲ್ಲ. ಅದು ಅವಳ ಪಾಲಿಗೆ ಬಂದ ಲಡ್ಡು. ತಿನ್ನುವ ತನಕ ಬಿಟ್ಟಿದ್ದರೆ ಸಾಕಿತ್ತು.

"ಅಜ್ಜೀ, ನಂದು?" ಎಂದ ಕುಣಾಲ. ಅವನ ಕೆಳದುಟಿ ನಡುಗುತ್ತಿತ್ತು.

ಕಾಕೂ ಕೊನೆಯ ಮೊಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ನಮ್ಮ ಕುಣಾಲಂದ ಹೆಂಗ ಬೆಳ್ಳಗೈತಿ! ನಮ್ಮ ಮನೆತನದ ಬಣ್ಣ. ವಜ್ಜೀನೂ ಐತಿ. ಬಲವಾದ ಜೀವ, ಸಾವಕಾಶ ಬರ್ತೈತಿ. ಅಳಬ್ಯಾಡ ಬಾಳಾ." ಆಮೇಲೆ ಗೋಡೆಯ ಮೇಲಿನ ತೀರ್ಥಂಕರರ ಚಿತ್ರಕ್ಕೆ ಕೈ ಮುಗಿದು ಗಟ್ಟಿಯಾಗಿ ಹೇಳಿದರು: "ಇದರೊಳಗಿನ ಜೀವ ಹೊರಗ ಬರೂತನಕ ನಾ ಅನ್ನ ನೀರ ಬಿಟ್ಟೆ. ಮಾತೂ ಬಿಟ್ಟೆ. ಇದು ನನ್ನ ನೇಮ."

ಮರಿಗಳ ಫೋಟೋ ತೆಗೆಯುತ್ತ ಆ ಕಡೆ ತಿರುಗಿಯೂ ನೋಡದ ಉಜ್ವಲಾ ಮೇಡಮ್ಮಿನ ಹೊರತು ಎಲ್ಲರೂ ಭಕ್ತಿಯಿಂದ ಕೈ ಮುಗಿದರು. ಕಾಕೂ ಹಿಡಿದ ನೇಮ ಬಿಟ್ಟವರಲ್ಲವೆಂಬುದು ಅಂಕಲಿಗೆಲ್ಲ ಗೊತ್ತಿತ್ತು. ಅವರು ಮೊಟ್ಟೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಕಣ್ಣು ಮುಚ್ಚಿ ಕುಳಿತರು.

ರಾಯಬಾಗದ ಸಂತೆಯಿಂದ ಸುಂದರಾ ಬಂದಿದ್ದು ಆಗಲೇ. ಹೊಸಿಲ ಬಳಿ ನಿಂತು ಅವಳು ಮರಿಗಳನ್ನು ನೋಡಿ ಹಿಗ್ಗುತ್ತಿದ್ದಳು. ನೀಲಮಳಿಗೆ ಲಕ್ಷ್ಮಣನ ಪುಡಿಕೆ ನೆನಪಾಯಿತು. ಇಷ್ಟು ಜನರ ಕಣ್ಣು ಬಿದ್ದ ಮೇಲೆ ಮರಿ ಹೊರಬರಲು ಹೆದರುವುದು ಸಹಜವೇ. ಅವಳು ಓಢಣಿಯ ಗಂಟು ಬಿಚ್ಚಿ, ಕುಣಾಲನ ಮೊಟ್ಟೆಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿವಾಳಿಸಿದಳು. ಸುಂದರಾ ಆ ಪುಡಿಕೆಯನ್ನೇ ನೋಡಿದಳು. ಬೆಳ್ಳಗಿನ ಮೊಟ್ಟೆಯನ್ನು ನೋಡಿದಳು. ನೀಲಮಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಏ ಹುಡುಗಿ, ಇದ ಲಕ್ಷ್ಮಣನ ಗಾಡಿ ಪುಡಿಕಿ ಅಲ್ಲೇನ?"

"ಹೂಂ. ದೃಷ್ಟಿ ತಗೀಲಿಕ್ಕ ಕೊಟ್ಟಾನ."

"ದೃಷ್ಟಿ? ಇದನ್ನ ಹಚ್ಕೊಂಡ ತಿಂತಾರ ಬೇ! ಯಾವ ತತ್ತಿ ತಂದಿ? ಟ್ರೇದಾಗಿಂದೋ, ಪಾತೇಲ್ಯಾಗಿಂದೋ?"

"ಬೆಚ್ಚಗಿತ್ತು" ಎಂದಳು ನೀಲಮ.

ಸುಂದರಾ ಸೆರಗನ್ನು ಬಾಯಿಗೆ ತುರುಕಿಕೊಂಡು ಕರಿಬೇವಿನ ಗಿಡಕ್ಕೆ ಒರಗಿದಳು. ಅವಳ ಹೆಗಲು ಎಷ್ಟೋ ಹೊತ್ತು ಕುಣಿಯಿತು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು: "ಕುದಿಸಿದ್ದು ಐತಿ ಅದು. ವರ್ಷ ಕುಂತ್ರೂ ಬರೂದಿಲ್ಲ. ನಾ ಹೇಳಿದ್ರ ನಿಂದ ಮಾನ ಹೋಗ್ತೈತಿ, ನೀನ ಹೇಳು." ಹಾಗೆಂದು ಹಿತ್ತಲ ಬಾಗಿಲಿನಿಂದಲೇ ಹೊರಟುಹೋದಳು. ಅವಳ ನಗು ಮಾತ್ರ ಓಣಿಯ ತುದಿಯ ತನಕ ಕೇಳುತ್ತಿತ್ತು.

ನೀಲಮ ಗಿಡದ ಬುಡದಲ್ಲಿ ನಿಂತು ಲೆಕ್ಕ ಹಾಕಿದಳು. ಹೇಳಿದರೆ, ದಾದಾಸಾಹೇಬನ ಮಗಳು ಕುದಿಸಿದ ಮೊಟ್ಟೆ ಕೊಂಡಿದ್ದು ಖರೇ ಎಂದಾಗುತ್ತದೆ, ಅದನ್ನು ಉಪ್ಪು ಖಾರದ ಜೊತೆಗೇ ಕೊಂಡಿದ್ದಾಳೆಂದೂ ಆಗುತ್ತದೆ. ಮೇಲೆ, ಕಾಕೂ ಮಧ್ಯಾಹ್ನದಿಂದ ಮಡಿಲಲ್ಲಿಟ್ಟು ಮಂತ್ರ ಹೇಳಿದ್ದು ಬುರ್ಜಿ ಗಾಡಿಯ ಮಾಲಿಗೆ ಎಂದಾಗುತ್ತದೆ. ಹೇಳದಿದ್ದರೆ, ಸಕ್ಕರೆ ಬ್ಯಾನಿಯ ಮುದುಕಿ ಅನ್ನ ನೀರಿಲ್ಲದೆ ಎಂದಿನತನಕ? ಹೊತ್ತು ಮುಳುಗಿತೆಂದರೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಆಚೆ ಕಬ್ಬಿನ ಹೊಲದ ಮೇಲೆ ಸೂರ್ಯ ಆಗಲೇ ಕೆಂಪಗಾಗಿದ್ದ.

ಅವಳು ಅಡುಗೆಮನೆಗೆ ಹೋಗಿ ತಟ್ಟೆಗೆ ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿಕೊಂಡು ಪಡಸಾಲೆಗೆ ಬಂದಳು. ಜನ ಕರಗಿದ್ದರು. ಉಜ್ವಲಾ ಮೇಡಮ್ಮು ಇನ್ನೂ ಮೂಲೆಯಲ್ಲಿ ಮರಿಗಳ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು. ಕುಣಾಲ ಅಜ್ಜಿಯ ಅಂಗೈಗೆ ಕಿವಿ ಹಚ್ಚಿಕೊಂಡು, ಉಸಿರೂ ಆಡದೆ, ಒಳಗಿನ ಸಪ್ಪಳಕ್ಕೆ ಕಾಯುತ್ತಿದ್ದ. ಕಾಕೂ ಕಣ್ಣು ಮುಚ್ಚಿ ಕುಳಿತಿದ್ದರು, ತುಟಿ ಒಣಗಿತ್ತು, ಮುಖದಲ್ಲಿ ದೊಡ್ಡ ಶಾಂತಿ.

ಕುದಿಸಿದ ಮೊಟ್ಟೆಯ ಸುದ್ದಿ ಹೇಳಲೆಂದೇ ನೀಲಮ ಅವರ ಮುಂದೆ ಮಂಡಿಯೂರಿದಳು. ಮೊದಲನೆಯ ಬೆಂಚನ್ನಲ್ಲ, ಕೊನೆಯ ಬೆಂಚನ್ನೂ ದಾಟಿ ಹೋಗುವಷ್ಟು ಗಟ್ಟಿಯಾಗಿ ಹೇಳಿದಳು:

"ಕಾಕೂ, ಹೊತ್ತ ಮುಳುಗಾಕ ಬಂತ್ರಿ. ಒಂದ ತುತ್ತರ ಉಣ್ರಿ."